ಕೊಂಡಿಗೆ ನಂಟಿನ ಹೆಸರು

(ಉಡುಪಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯ ಉಪನ್ಯಾಸ ಭಾಷೆಗೂ ಬದುಕಿಗೂ ಇರುವ ಸಂಬಂಧವನ್ನು ಕುರಿತಾಗಿರಬೇಕು ಎಂಬುದು ದಾನಿಗಳ ಆಶಯ. ನಾನು ಆರಿಸಿಕೊಂಡ ವಿಷಯ ಮೇಲ್ನೋಟಕ್ಕೆ ಕಂಪ್ಯೂಟರಿಗೆ ಸೇರಿದ್ದು. ಅಂತರಜಾಲದಲ್ಲಿ ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಕೊಂಡಿ ಹಾಕುವಾಗ, ಆ ಇಬ್ಬರ ನಡುವೆ ಇರುವ ನಂಟು ಯಾವುದೆಂದು ಕೊಂಡಿಯಲ್ಲೇ ಗುರುತು ಮಾಡುವ ಒಂದು ಕ್ರಮವಿದೆ. ಗೆಳೆಯನೋ, ನೆರೆಮನೆಯವಳೋ, ಒಡಹುಟ್ಟಿದವರೋ, ಜತೆಗೆ ಕೆಲಸ ಮಾಡುವವರೋ ಎಂಬುದನ್ನು ಯಂತ್ರಕ್ಕೂ ತಿಳಿಯುವ ಹಾಗೆ ಬರೆದಿಡುವ ಕ್ರಮ. ಇದನ್ನು ರೂಪಿಸಿದವರು ದೂರದ ಅಮೆರಿಕದವರು. ಆದರೆ ನಂಟಿಗೆ ಹೆಸರಿಡುವ ಕೆಲಸದಲ್ಲಿ ನಮ್ಮ ಕರಾವಳಿಗೆ ಇರುವ ಅನುಭವ ಬಹಳ ಹಳೆಯದು. ಆ ಅನುಭವವನ್ನು ಎದುರಿಗಿಟ್ಟುಕೊಂಡು ಈ ಹೊಸ ಕ್ರಮವನ್ನು ನೋಡಬೇಕು ಎನ್ನುವುದು ನನ್ನ ಪ್ರಯತ್ನ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ನಂಟಿನ ಹೆಸರು ಎಂದರೆ ಹೊಣೆಯ ಹೆಸರು. ಯಾರು ಯಾರಿಗೆ ಏನಾಗಬೇಕು ಎಂಬ ಮಾತಿನ ಹಿಂದೆ ಯಾರು ಯಾರಿಗಾಗಿ ಏನು ಮಾಡಬೇಕು ಎಂಬ ಕಟ್ಟಳೆ ಇರುತ್ತದೆ. ಹಾಗಾದ ಮೇಲೆ ಆ ಹೆಸರನ್ನು ಹೇಳುವ ಅಧಿಕಾರ ಹೊಣೆ ಹೊತ್ತವರದೇ ಆಗಿರಬೇಕು. ಅಂದಾಜು ಮಾಡಿ ಹೆಸರಿಡುವ ಕಂಪನಿಯದಲ್ಲ.

1. ಕೊಂಡಿಯೊಳಗಿನ ಮಾತು

ವೆಬ್ ಪುಟಗಳನ್ನು ಬರೆಯುವುದು ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ. ಅದರಲ್ಲಿ ಕೊಂಡಿ ಎಂದರೆ ಓದುಗರಿಗೆ ಕಾಣುವ ಒಂದು ಪದ, ಅದನ್ನು ಒತ್ತಿದರೆ ಹೋಗಿ ತಲುಪುವ ಒಂದು ವಿಳಾಸ. ಇವೆರಡರ ಜತೆಗೆ ‘ರೆಲ್’ ಎಂಬ ಇನ್ನೊಂದು ಅಂಶವನ್ನೂ ಬರೆಯಬಹುದು. ಈ ಪುಟಕ್ಕೂ ಆ ಪುಟಕ್ಕೂ ಸಂಬಂಧವೇನು ಎಂದು ತಿಳಿಸುವುದು ಅದರ ಕೆಲಸ. 1995ರ ಎಚ್‌ಟಿಎಂಎಲ್ 2.0 ಆವೃತ್ತಿಯಲ್ಲೇ ಅದಕ್ಕೆ ಜಾಗವಿತ್ತು. ಪುಟ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಪುಟವನ್ನು ಓದುವ ತಂತ್ರಾಂಶಗಳು ಮಾತ್ರ ಅದನ್ನು ಗಮನಿಸುತ್ತವೆ.

2003ರ ಡಿಸೆಂಬರಿನಲ್ಲಿ ಟಾಂಟೆಕ್ ಚೆಲಿಕ್, ಎರಿಕ್ ಮೇಯರ್ ಮತ್ತು ಮ್ಯಾಟ್ ಮಲೆನ್‌ವೆಗ್ ಎಂಬ ಮೂವರು ಈ ಜಾಗವನ್ನು ಮನುಷ್ಯರ ನಂಟಿಗೆ ಬಳಸಬಹುದೆಂದು ತೋರಿಸಿದರು. ಮಲೆನ್‌ವೆಗ್ ಅದೇ ವರ್ಷ ವರ್ಡ್‌ಪ್ರೆಸ್ ತಂತ್ರಾಂಶವನ್ನು ಆರಂಭಿಸಿದ ಇಬ್ಬರಲ್ಲಿ ಒಬ್ಬರು. ತಮ್ಮ ಕ್ರಮಕ್ಕೆ ಅವರು ಇಟ್ಟ ಹೆಸರು ಎಕ್ಸ್‌ಎಫ್‌ಎನ್, ಅಂದರೆ ಎಕ್ಸ್‌ಎಚ್‌ಟಿಎಂಎಲ್ ಫ್ರೆಂಡ್ಸ್ ನೆಟ್‌ವರ್ಕ್. ಅದರಲ್ಲಿ ಇರುವುದು ಒಟ್ಟು 18 ಪದಗಳು. ಸ್ನೇಹಕ್ಕೆ ಸಂಪರ್ಕ, ಪರಿಚಯ, ಗೆಳೆತನ ಎಂಬ ಮೂರು ಹಂತ. ಉದ್ಯೋಗಕ್ಕೆ ಎರಡು ಪದ: ಜತೆಗೆ ಕೆಲಸ ಮಾಡುವವರು, ಒಂದೇ ವೃತ್ತಿಯವರು. ವಾಸಕ್ಕೆ ಎರಡು: ಒಂದೇ ಮನೆಯವರು, ನೆರೆಯವರು. ಕುಟುಂಬಕ್ಕೆ ಐದು: ಮಗು, ಹೆತ್ತವರು, ಒಡಹುಟ್ಟು, ಬಾಳಸಂಗಾತಿ, ಮಿಕ್ಕವರೆಲ್ಲರಿಗೂ ‘ಕಿನ್’ ಎಂಬ ಒಂದೇ ಪದ. ಪ್ರೇಮಕ್ಕೆ ನಾಲ್ಕು. ಮುಖಾಮುಖಿ ಭೇಟಿಯಾದವರು ಎಂಬುದಕ್ಕೆ ‘ಮೆಟ್’. ಕೊನೆಯದು ‘ಮಿ’, ಅಂದರೆ ಕೊಂಡಿಯ ಆ ತುದಿಯಲ್ಲಿರುವುದೂ ನಾನೇ ಎಂಬ ಗುರುತು.

ಈ ಪುಟ್ಟ ಪಟ್ಟಿಯಲ್ಲಿ ವಿವೇಕವಿದೆ. ‘ಮೆಟ್’ ಎಂಬ ಪದವನ್ನೇ ನೋಡಿ. ಪತ್ರದಲ್ಲಿ, ಪರದೆಯಲ್ಲಿ ಬೆಳೆದ ಗೆಳೆತನವೂ ಗೆಳೆತನವೇ. ಎದುರು ಕೂತು ಮಾತಾಡಿದ್ದು ಬೇರೆಯೇ ಒಂದು ಸಂಗತಿ. ಎರಡನ್ನೂ ಬೇರೆಬೇರೆಯಾಗಿ ಹೇಳಲು ಅವಕಾಶ ಮಾಡಿಕೊಟ್ಟರು. ಶತ್ರು, ಮುರಿದ ಸಂಬಂಧ, ಬಿಟ್ಟುಹೋದವರು ಎಂಬಂಥ ಪದಗಳನ್ನು ಬೇಕೆಂದೇ ಹೊರಗಿಟ್ಟರು. ದ್ವೇಷವನ್ನು ಯಂತ್ರಕ್ಕೆ ಓದಿಸುವುದರಿಂದ ಯಾರಿಗೂ ಒಳಿತಿಲ್ಲ ಎಂದು ಅವರಿಗೆ ಅನಿಸಿತು. ಇನ್ನೊಂದು ಮಾತು: ಗೆಳೆಯ ಎಂಬುದು ಹೇಳುವವರ ಮಾತು ಮಾತ್ರ. ನಾನು ನಿಮ್ಮನ್ನು ಗೆಳೆಯ ಎಂದರೆ ನೀವೂ ನನ್ನನ್ನು ಹಾಗೆ ಕರೆಯಬೇಕೆಂಬ ನಿರ್ಬಂಧ ಈ ಕ್ರಮದಲ್ಲಿ ಇಲ್ಲ. ಭೇಟಿಯಾದದ್ದು ಮಾತ್ರ ಇಬ್ಬರಿಗೂ ಸಮಾನ ಸತ್ಯ.

ಈ ಕ್ರಮ ಕೆಲವು ವರ್ಷ ಚೆನ್ನಾಗಿ ನಡೆಯಿತು. ವರ್ಡ್‌ಪ್ರೆಸ್‌ನಲ್ಲಿ ಕೊಂಡಿ ಸೇರಿಸುವ ಪುಟದಲ್ಲೇ ಈ ಪದಗಳಿಗೆ ಗುರುತು ಹಾಕುವ ಚೌಕಗಳಿದ್ದವು. 2008ರಲ್ಲಿ ಗೂಗಲ್ ‘ಸೋಶಿಯಲ್ ಗ್ರಾಫ್’ ಎಂಬ ಸೇವೆ ತೆರೆದು, ಬಿಡಿ ಪುಟಗಳಲ್ಲಿ ಹರಡಿದ್ದ ಇಂಥ ಗುರುತುಗಳನ್ನು ಹೆಕ್ಕಿ ಜೋಡಿಸಿಕೊಡತೊಡಗಿತು. ಅಷ್ಟರಲ್ಲಿ ಜನ ಸ್ವಂತ ಪುಟಗಳನ್ನು ಬಿಟ್ಟು ದೊಡ್ಡ ಕಂಪನಿಗಳ ಅಂಗಳಕ್ಕೆ ಹೋಗಿಯಾಗಿತ್ತು. 2012ರಲ್ಲಿ ಗೂಗಲ್ ಆ ಸೇವೆಯನ್ನು ಮುಚ್ಚಿತು. ಅದೇ ವರ್ಷದ ಕೊನೆಗೆ ಬಂದ ವರ್ಡ್‌ಪ್ರೆಸ್ 3.5ರಲ್ಲಿ ಹೊಸಬರಿಗೆ ಕೊಂಡಿಗಳ ಆ ಪುಟವೇ ಕಾಣದಂತಾಯಿತು.

2. ಕವರು: ಒಂದು ಕಾನೂನಿನ ವ್ಯಾಖ್ಯೆ

ಈಗ ನಮ್ಮ ಸೀಮೆಗೆ ಬರೋಣ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಹಲವು ಸಮುದಾಯಗಳಲ್ಲಿ ಬರಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಹಾಗಾಗಿ ಸಂಬಂಧ ಕುದುರಿಸುವ ಮೊದಲು ಹಿರಿಯರು ಕೇಳುವ ಪ್ರಶ್ನೆಗಳು ಎರಡು: ‘ಇಲ್ಲ್ ಓಲು?’, ‘ಬರಿ ಒವು?’. ಮನೆ ಮತ್ತು ಬರಿ ಗೊತ್ತಾದರೆ ಎದುರಿಗಿರುವವರು ತಮಗೆ ಏನಾಗಬೇಕು ಎಂಬುದನ್ನು ಹಿರಿಯರು ಲೆಕ್ಕ ಹಾಕಿ ಹೇಳುತ್ತಾರೆ.

ಈ ಲೆಕ್ಕದ ಆಧಾರ ಅಳಿಯಸಂತಾನ ಕಟ್ಟು. ಭೂತಾಳ ಪಾಂಡ್ಯನ ಐತಿಹ್ಯ ನಿಮಗೆಲ್ಲ ಗೊತ್ತಿದೆ: ರಾಜನ ಹೆಂಡತಿ ತನ್ನ ಮಗನನ್ನು ಬಲಿಗೆ ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು, ಆದ್ದರಿಂದ ಆಸ್ತಿಯೂ ಪಟ್ಟವೂ ತಂಗಿಯ ಮಗನಿಗೆ ಸಂದವು. ಐತಿಹ್ಯವನ್ನು ಬದಿಗಿಟ್ಟರೂ ಕಲ್ಲಿನ ಸಾಕ್ಷಿ ಇದೆ. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನನ್ನು ಅಲ್ಲಿನ ಶಾಸನ ಪರಿಚಯಿಸುವುದು ತಾಯಿ ಗುಮ್ಮಟಾಂಬೆಯ ಮೂಲಕ. ಹಿಂದಿನ ಭೈರರಸನಿಗೆ ಅವನು ಸೋದರಿಯ ಮಗ. ರಾಜ್ಯಾಧಿಕಾರದ ದಾರಿಯನ್ನು ತೋರಿಸಬೇಕಾದ ಜಾಗದಲ್ಲಿ ಕೆತ್ತಬೇಕಾದ ನಂಟು ಇದೇ ಎಂದು ಆ ಕಾಲದವರಿಗೆ ತಿಳಿದಿತ್ತು.

ಇದನ್ನು ಅತ್ಯಂತ ಖಚಿತವಾಗಿ ಬರೆದಿಟ್ಟದ್ದು 1949ರ ಮದರಾಸು ಅಳಿಯಸಂತಾನ ಕಾಯ್ದೆ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತದಲ್ಲಿತ್ತು. ಆ ಕಾಯ್ದೆಯಲ್ಲಿರುವ ಕವರು ಎಂಬ ಪದದ ವ್ಯಾಖ್ಯೆಯನ್ನು ನಮ್ಮ ಕಂಪ್ಯೂಟರ್ ವಿದ್ಯಾರ್ಥಿಗಳು ಒಮ್ಮೆ ಗಮನವಿಟ್ಟು ಓದಬೇಕು. ಹೆಣ್ಣಿನ ಕವರು ಎಂದರೆ ಆಕೆ, ಆಕೆಯ ಮಕ್ಕಳು, ಮತ್ತು ಹೆಣ್ಣಿನ ಮೂಲಕ ಇಳಿದುಬಂದ ಆಕೆಯ ಸಂತತಿಯವರೆಲ್ಲ. ಗಂಡಿನ ಕವರು ಎಂದರೆ ಅವನ ತಾಯಿಯ ಕವರು. ಎರಡೇ ಸಾಲು. ಆದರೆ ಎಷ್ಟೇ ದೊಡ್ಡ ಕುಟುಂಬವಾಗಲಿ, ಯಾವನೇ ಒಬ್ಬನು ಯಾವ ಕವರಿಗೆ ಸೇರಿದವನೆಂದು ಇದರಿಂದ ತಪ್ಪಿಲ್ಲದೆ ಹೇಳಬಹುದು.

ಕಾಯ್ದೆ ಅಲ್ಲಿಗೇ ನಿಲ್ಲುವುದಿಲ್ಲ. ಕವರುಗಳಲ್ಲಿ ಸಂತತಿ ಕವರು, ನಿಸ್ಸಂತತಿ ಕವರು ಎಂದು ಎರಡು ಬಗೆ ಮಾಡುತ್ತದೆ. 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಪಾಲು ಮಾಡುವಾಗ ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಸಿಗುತ್ತಿದ್ದದ್ದು ಜೀವಿತಾವಧಿಯ ಹಕ್ಕು ಮಾತ್ರ. ಅಂದರೆ ಪಾಲಾಗುವ ಮೊದಲು ಒಂದು ಕವರಿನ ಕೊನೆಯ ಹೆಣ್ಣುಮಗಳಿಗೆ 50 ತುಂಬಿದರೆ ಆ ದಿನ ಕವರಿನ ಹೆಸರು ಬದಲಾಗುತ್ತದೆ, ಹೆಸರಿನೊಂದಿಗೆ ಪಾಲಿನ ಹಕ್ಕೂ ಬದಲಾಗುತ್ತದೆ. ಯಾರ ನಂಟೂ ಕಡಿದಿಲ್ಲ, ಯಾರೂ ಮನೆ ಬಿಟ್ಟಿಲ್ಲ. ವಯಸ್ಸು ಒಂದೇ ಇಷ್ಟನ್ನು ಮಾಡುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಸಂತಾನದವರ ಅವಿಭಕ್ತ ಪಾಲು ಕೂಡ, ಅವರು ತೀರಿಕೊಂಡಾಗ, ಆ ಹೊಸ ಕಾಯ್ದೆಯಂತೆ ಹಂಚಿಕೆಯಾಗತೊಡಗಿತು. ಆದರೂ ಕುಟುಂಬದ ಮನೆ, ನಾಗಬನ, ದೈವದ ಚಾಕರಿಗಳ ವಿಷಯ ಬಂದಾಗ ತಾಯಿಯ ಕಡೆಯ ಈ ಎಣಿಕೆ ಇಂದಿಗೂ ನಡೆಯುತ್ತಿದೆ.

ಈ ಕಾಯ್ದೆಯ ಪಕ್ಕದಲ್ಲಿ ಎಕ್ಸ್‌ಎಫ್‌ಎನ್‌ನ ಕುಟುಂಬದ ಐದು ಪದಗಳನ್ನು ಇಟ್ಟು ನೋಡಿ. ಒಂದು ಗುತ್ತಿನ ಮನೆಯ, ಅಂದರೆ ತುಳುನಾಡಿನ ಹಳೆಯ ದೊಡ್ಡ ಮನೆತನವೊಂದರ, ಎಲ್ಲರೂ ತಂತಮ್ಮ ಪುಟ ಮಾಡಿಕೊಂಡು, ಎಲ್ಲ ಕೊಂಡಿಗಳಿಗೂ ಪ್ರಾಮಾಣಿಕವಾಗಿ ಗುರುತು ಹಾಕಿದರು ಎಂದಿಟ್ಟುಕೊಳ್ಳೋಣ. ಆ ಗುರುತುಗಳಿಂದ ಕವರನ್ನು ಕಂಡುಹಿಡಿಯಲು ಆಗುತ್ತದೆಯೇ? ಆಗುವುದಿಲ್ಲ. ‘ಪೇರೆಂಟ್’ ಎಂಬ ಪದ ತಾಯಿಯನ್ನೋ ತಂದೆಯನ್ನೋ ಎಂದು ಹೇಳುವುದಿಲ್ಲ, ಕವರು ನಿಂತಿರುವುದೇ ತಾಯಿಯ ಮೇಲೆ. ‘ಸಿಬ್ಲಿಂಗ್’ ಎಂಬುದರಲ್ಲಿ ಪಲಯೆ ಮೆಗ್ಯೆ ಎಂಬ ಹಿರಿ ಕಿರಿ ಭೇದವಿಲ್ಲ, ಯಜಮಾನಿಕೆ ಹೋಗುವುದೇ ಹಿರಿತನದ ಮೇಲೆ. ತಮ್ಮಲೆ, ಅಂದರೆ ತಾಯಿಯ ಸೋದರ, ಈ ವ್ಯವಸ್ಥೆಯ ನಡುಗಂಬ. ಅವನ ಅರ್ವತ್ತೆ, ಅಂದರೆ ಸೋದರಿಯ ಮಗ, ಅವನ ಉತ್ತರಾಧಿಕಾರಿ. ಅವರಿಬ್ಬರೂ ‘ಕಿನ್’ ಎಂಬ ಮಿಕ್ಕವರ ಸಾಲಿಗೆ ಹೋಗುತ್ತಾರೆ, ದೂರದ ನೆಂಟರ ಜತೆಗೆ. ನಮ್ಮ ಕಾನೂನೂ ಶಾಸನವೂ ಯಾವುದನ್ನು ಮುಖ್ಯ ಎಂದವೋ ಅದೇ ಇಲ್ಲಿ ಅಳಿಸಿಹೋಗುತ್ತದೆ.

ಇದನ್ನು ಆ ಮೂವರ ತಪ್ಪು ಎಂದು ನಾನು ಎಣಿಸುವುದಿಲ್ಲ. ಅವರು ತಮ್ಮ ಸುತ್ತಣ ಬದುಕಿಗೆ ಬೇಕಾದಷ್ಟು ಪದಗಳನ್ನು ಆರಿಸಿಕೊಂಡರು, ಪಟ್ಟಿ ಚಿಕ್ಕದಿದ್ದರೆ ಜನ ಬಳಸುತ್ತಾರೆ ಎಂಬ ಅವರ ಲೆಕ್ಕವೂ ಸರಿಯಾಗಿತ್ತು. ನಮ್ಮ ಬದುಕಿಗೆ ಬೇಕಾದ ಪದಗಳನ್ನು ಆರಿಸುವ ಕೆಲಸ ನಮ್ಮದು. ಅದನ್ನು ನಾವು ಇನ್ನೂ ಮಾಡಿಲ್ಲ.

3. ರಕ್ತಸಂಬಂಧದ ಆಚೆಗೆ

ನಂಟು ಎಂದರೆ ನೆತ್ತರ ನಂಟು ಮಾತ್ರವಲ್ಲ. ಉಡುಪಿಯ ಅಷ್ಟಮಠಗಳಲ್ಲಿ ದ್ವಂದ್ವ ಮಠ ಎಂಬ ಏರ್ಪಾಡಿದೆ. ಪಲಿಮಾರು ಅದಮಾರು, ಕೃಷ್ಣಾಪುರ ಪುತ್ತಿಗೆ, ಶೀರೂರು ಸೋದೆ, ಕಾಣಿಯೂರು ಪೇಜಾವರ ಎಂದು ನಾಲ್ಕು ಜೋಡಿ. ಉತ್ತರಾಧಿಕಾರಿಯನ್ನು ನೇಮಿಸದೆ ಒಂದು ಮಠದ ಯತಿಗಳು ತೀರಿಕೊಂಡರೆ, ಅಲ್ಲಿಗೆ ಹೊಸ ಯತಿಯನ್ನು ತರುವ ಹೊಣೆ ಜೋಡಿ ಮಠದ ಯತಿಗಳದು. 2018ರಲ್ಲಿ ಶೀರೂರು ಮಠದ ಸ್ವಾಮಿಗಳು ತೀರಿಕೊಂಡಾಗ ಈ ಹೊಣೆ ಸೋದೆ ಮಠದ ಮೇಲೆ ಬಿತ್ತು. 2021ರಲ್ಲಿ ಅವರು ಉತ್ತರಾಧಿಕಾರಿಯನ್ನು ನೇಮಿಸಿದರು. ದಿನನಿತ್ಯದಲ್ಲಿ ಕಣ್ಣಿಗೆ ಬೀಳದ ಒಂದು ಸಂಬಂಧ, ಕಷ್ಟ ಬಂದ ದಿನ ತನ್ನ ಕೆಲಸ ಮಾಡಿತು. ಸಂಬಂಧಕ್ಕೆ ಮೊದಲೇ ಹೆಸರಿಟ್ಟು ಎಲ್ಲರಿಗೂ ತಿಳಿಸಿದ್ದರ ಫಲ ಅದು.

ಕಾಪುವಿನಿಂದ ಮಲ್ಪೆಯವರೆಗಿನ ಕಡಲತೀರದಲ್ಲಿ ರಂಪಣಿ ಬಲೆಯ ಕಾಲದ ಒಂದು ಸಂಬಂಧವಿತ್ತು. ರಂಪಣಿ ಒಬ್ಬರಿಂದ ಎಳೆಯಲಾಗುವ ಬಲೆಯಲ್ಲ. ಹತ್ತಾರು ಮನೆಗಳವರು ಬಲೆಯ ಭಾಗಗಳನ್ನು ಹಾಕಿ, ಒಟ್ಟಿಗೆ ದಡಕ್ಕೆ ಎಳೆದು, ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಹೆಚ್ಚಿದ ಮೇಲೆ ಆ ಗುಂಪುಗಳು ಕ್ಷೀಣಿಸಿದವು. ಒಂದೇ ರಂಪಣಿಯವರು ಎಂಬ ನಂಟನ್ನು ಜತೆಗೆ ಕೆಲಸ ಮಾಡುವವರು ಎಂಬ ಮಾತು ಮುಟ್ಟುವುದಿಲ್ಲ. ಲಾಭಕ್ಕೂ ನಷ್ಟಕ್ಕೂ ಜತೆಯಾದವರು ಅವರು. ಶಿರ್ವದ ಕಡೆಯ ಕ್ರೈಸ್ತ ಮನೆಗಳಲ್ಲಿ ಜ್ಞಾನಸ್ನಾನದ ಹೊತ್ತಿಗೆ ಮಗುವಿನ ಹೊಣೆ ಹೊರುವವರು, ಯಕ್ಷಗಾನದಲ್ಲಿ ಹೆಜ್ಜೆ ಕಲಿಸಿದ ಗುರು, ಇಂಥವರನ್ನೂ ಈ ಪಟ್ಟಿಗೆ ಸೇರಿಸಿ. ಗುರು ಎಂಬುದಕ್ಕೂ ಆ 18 ಪದಗಳಲ್ಲಿ ಜಾಗವಿಲ್ಲ.

ಇವೆಲ್ಲದರಲ್ಲಿ ಒಂದು ಸಮಾನ ಗುಣವಿದೆ. ಪ್ರತಿ ಹೆಸರಿನ ಹಿಂದೆಯೂ ಒಂದು ಕರ್ತವ್ಯವಿದೆ. ಆಧುನಿಕ ದಾಖಲೆಗಳಲ್ಲೂ ಇದು ಹಾಗೆಯೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ ಮುಖ್ಯಸ್ಥರು 18 ತುಂಬಿದ ಹಿರಿಯ ಮಹಿಳೆ. 2023ರ ಆಗಸ್ಟಿನಲ್ಲಿ ಕರ್ನಾಟಕದ ಗೃಹಲಕ್ಷ್ಮಿ ಯೋಜನೆ ಜಾರಿಗೆ ಬಂದಾಗ ತಿಂಗಳಿಗೆ 2000 ರೂಪಾಯಿ ಸಲ್ಲುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ದಾಖಲಾದವರಿಗೆ ಎಂದಾಯಿತು. ಅಲ್ಲಿಯವರೆಗೆ ಚೀಟಿಯ ಆ ಸಾಲನ್ನು ಯಾರೂ ಓದುತ್ತಿರಲಿಲ್ಲ. ಆಮೇಲೆ ಅತ್ತೆಯ ಹೆಸರಿರಬೇಕೋ ಸೊಸೆಯ ಹೆಸರಿರಬೇಕೋ ಎಂಬ ಮಾತು ಮನೆಮನೆಯಲ್ಲಿ ಎದ್ದಿತು. ಅಳಿಯಸಂತಾನದ ಮನೆಗಳಲ್ಲಿ ಯಜಮಾನ್ತಿ ಎಂಬ ಸ್ಥಾನ ಹೊಸದಲ್ಲ. ಹೆಸರು ಬರೆಯುವ ಒಂದು ಕಾಲಮ್ಮು ಮನೆಯೊಳಗಿನ ಅಧಿಕಾರವನ್ನೇ ಮುಟ್ಟಬಲ್ಲದು ಎಂಬುದು ಅಂಥ ಮನೆಯವರಿಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

4. ಹೇಳುವವರು ಯಾರು?

ಹಾಗಾದರೆ ಇಂದು ನಮ್ಮ ನಂಟುಗಳಿಗೆ ಹೆಸರಿಡುತ್ತಿರುವವರು ಯಾರು? ನಿಮ್ಮ ಮೊಬೈಲಿನ ನಂಬರುಗಳ ಪಟ್ಟಿಯನ್ನು ತೆರೆದು ನೋಡಿ. ‘ಕಾಪು ಮಾವ’, ‘ನಿಟ್ಟೆ ಚಿಕ್ಕಮ್ಮ’, ‘ಅತ್ತಿಗೆ ಮಣಿಪಾಲ’, ‘ಅಕ್ಕ ಹೊಸ ನಂಬರ್’. ಕನ್ನಡಿಗರು ಅತಿ ಹೆಚ್ಚು ಬಳಸುತ್ತಿರುವ ನಂಟಿನ ಗುರುತುಗಳು ಇವೇ. ಯಾರೂ ಕಲಿಸದೆ ನಾವೇ ಮಾಡಿಕೊಂಡ ಕ್ರಮ: ನಂಟಿನ ಹೆಸರು, ಊರಿನ ಹೆಸರು, ಬೇಕಾದರೆ ಒಂದು ವಿವರಣೆ. ಈ ಪಟ್ಟಿಯನ್ನು ಓದಲು ಅನುಮತಿ ಕೊಡಿ ಎಂದು ಆ್ಯಪ್‌ಗಳು ಕೇಳುತ್ತವೆ, ನಾವು ಓದದೆ ಒತ್ತಿಬಿಡುತ್ತೇವೆ. ಅಲ್ಲಿಗೆ ಚಿಕ್ಕಮ್ಮನ ನಂಬರೂ ಅವರು ನಮಗೆ ಚಿಕ್ಕಮ್ಮ ಎಂಬುದೂ ಕಂಪನಿಗೆ ಸೇರಿತು. ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ. ಮುಂದೆ ‘ಇವರು ನಿಮಗೆ ಗೊತ್ತಿರಬಹುದು’ ಎಂಬ ಸಲಹೆ ಬರುತ್ತದೆ. ಅದು ಯಾವ ನಂಟಿನ ಆಧಾರದಲ್ಲಿ ಬಂತು ಎಂದು ನೋಡುವ ಅವಕಾಶವೂ ತಿದ್ದುವ ಅವಕಾಶವೂ ನಮಗಿಲ್ಲ.

ಎಕ್ಸ್‌ಎಫ್‌ಎನ್ ಇದಕ್ಕೆ ನೇರ ವಿರುದ್ಧ. ಅಲ್ಲಿ ನಂಟನ್ನು ಹೇಳುವವರು ಪುಟದ ಒಡೆಯರು, ಹೇಳಿದ್ದು ಎಲ್ಲರೂ ಓದುವಂಥ ಜಾಗದಲ್ಲಿದೆ, ಬೇಡವೆನಿಸಿದ ದಿನ ಒಂದು ಪದವನ್ನು ಅಳಿಸಿದರೆ ಮುಗಿಯಿತು. ಪದಗಳ ಪಟ್ಟಿಯಲ್ಲಿ ಅದು ಬಡವಾಗಿರಬಹುದು. ನೀತಿಯಲ್ಲಿ ಅದು ಶ್ರೀಮಂತ. ನಾವು ಕಲಿಯಬೇಕಾದದ್ದು ಈ ನೀತಿಯನ್ನು.

ಆ 18 ಪದಗಳಲ್ಲಿ ಇಂದಿಗೂ ಜೀವಂತವಾಗಿ ದುಡಿಯುತ್ತಿರುವ ಪದ ‘ಮಿ’. ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ನೀವು ಖಾತೆ ತೆರೆದು ಅಲ್ಲಿ ನಿಮ್ಮ ಸ್ವಂತ ಪುಟದ ವಿಳಾಸ ಕೊಟ್ಟರೆ, ಅಷ್ಟಕ್ಕೇ ಅದು ನಂಬುವುದಿಲ್ಲ. ನಿಮ್ಮ ಪುಟದಿಂದಲೂ ಆ ಖಾತೆಗೆ ‘ಮಿ’ ಎಂಬ ಗುರುತಿನ ಕೊಂಡಿ ಇರಬೇಕು. ಎರಡೂ ಕಡೆ ಒಂದನ್ನೊಂದು ತೋರಿಸಿದಾಗ ಮಾತ್ರ ವಿಳಾಸದ ಪಕ್ಕ ಹಸಿರು ಗುರುತು ಬರುತ್ತದೆ. ದುಡ್ಡು ಕಟ್ಟಬೇಕಿಲ್ಲ, ಆಧಾರ್ ಕೊಡಬೇಕಿಲ್ಲ, ಯಾವ ಅಧಿಕಾರಿಯ ಸಹಿಯೂ ಬೇಕಿಲ್ಲ. ಎರಡು ಕಡೆಯ ಒಪ್ಪಿಗೆಯೇ ಪುರಾವೆ. ಹೊಣೆ ತರುವ ಯಾವ ನಂಟಿಗೂ ಇದೇ ನಿಯಮ ಅನ್ವಯವಾಗಬೇಕು. ಗೆಳೆಯ ಎನ್ನಲು ಒಬ್ಬರ ಮಾತು ಸಾಕು. ಅತ್ತೆ, ಅಳಿಯ, ದತ್ತು ಮಗ ಎನ್ನಲು ಆ ತುದಿಯವರೂ ಹೌದು ಎನ್ನಬೇಕು.

ಇಲ್ಲಿ ಒಂದು ಅಪಾಯವನ್ನು ಮರೆಮಾಚಬಾರದು. ಬರಿಯನ್ನು ಬಯಲಲ್ಲಿ ಬರೆದರೆ ಜಾತಿಯ ಸುಳಿವು ಕೊಟ್ಟಂತೆಯೇ. ಜಾತಿ ಮೀರಿ ಮದುವೆಯಾಗಿ ಮನೆಯವರ ಕಣ್ಣು ತಪ್ಪಿಸಿ ಬಾಳುತ್ತಿರುವ ದಂಪತಿಗೆ, ಗಂಡನ ಹಿಂಸೆಯಿಂದ ಪಾರಾಗಿ ಬಂದು ಬೇರೆ ಊರಿನಲ್ಲಿ ಕೆಲಸ ಮಾಡುತ್ತಿರುವ ಹೆಣ್ಣುಮಗಳಿಗೆ, ತಂದೆಯ ಹೆಸರು ಹೇಳಲು ಇಷ್ಟವಿಲ್ಲದ ಯುವಕನಿಗೆ ನಂಟಿನ ಒಂದು ಕೊಂಡಿ ಪ್ರಾಣಕ್ಕೇ ಕುತ್ತಾಗಬಹುದು. ಮನೆಯ ಬೇರೆ ಯಾರೋ ಅಭಿಮಾನದಿಂದ ಹಾಕಿದ ವಂಶವೃಕ್ಷ ಅವರನ್ನು ಹುಡುಕುವವರಿಗೆ ದಾರಿ ತೋರಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಕಾನೂನು ಕಂಪನಿಗಳನ್ನು ಕಟ್ಟಿಹಾಕಬಹುದು. ನೆಂಟರ ಮೇಲಿನ ಪ್ರೀತಿಯಿಂದ ಅವರ ವಿವರ ಹಂಚುವ ನಮ್ಮನ್ನು ಕಟ್ಟಿಹಾಕಬೇಕಾದದ್ದು ನಮ್ಮದೇ ವಿವೇಕ.

5. ಮಾಡಬೇಕಾದ ಕೆಲಸ

ಎಚ್ಚರಿಕೆ ಹೇಳಿ ಕೈತೊಳೆದುಕೊಳ್ಳಲು ನಾನು ಬಂದಿಲ್ಲ. ಈ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿರುವಷ್ಟು ಬೇರೆಡೆ ಸಿಗುವುದು ಕಷ್ಟ.

ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ತುಳು ನಿಘಂಟಿನ ಆರು ಸಂಪುಟಗಳನ್ನು ಹೊರತಂದಿತು. ಅದರ ಮುಖ್ಯ ಸಂಪಾದಕರು ಕಾಪು ಸಮೀಪದ ಮಜೂರಿನವರಾದ ಡಾ. ಯು.ಪಿ. ಉಪಾಧ್ಯಾಯರು. ಪತ್ನಿ ಡಾ. ಸುಶೀಲಾ ಉಪಾಧ್ಯಾಯರೂ ಆ ಕೆಲಸದಲ್ಲಿ ಜತೆಗಿದ್ದರು. ನಂಟಿನ ತುಳು ಪದಗಳು, ಪ್ರದೇಶಕ್ಕೂ ಸಮುದಾಯಕ್ಕೂ ತಕ್ಕಂತೆ ಬದಲಾಗುವ ಅವುಗಳ ರೂಪಗಳು ಅಲ್ಲಿ ದಾಖಲಾಗಿವೆ. ಮಣಿಪಾಲದಲ್ಲಿ ಪಾಠ ಹೇಳಿದ ನಾಡೋಜ ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕನ್ನಡ ಕೀಲಿಮಣೆಯನ್ನು ರೂಪಿಸಿ, ಸೇಡಿಯಾಪು ಎಂಬ ತಂತ್ರಾಂಶವನ್ನೂ ಕೊಟ್ಟರು. ಕಂಪ್ಯೂಟರಿನ ಮುಂದೆ ಕೂತ ಕನ್ನಡಿಗ ಕನ್ನಡದಲ್ಲೇ ಯೋಚಿಸಿ ಕನ್ನಡದಲ್ಲೇ ಬರೆಯಬಹುದು ಎಂಬುದನ್ನು ಸಾಧಿಸಿ ತೋರಿಸಿದವರು ಅವರು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಬಂತು. 2024ರ ಸೆಪ್ಟೆಂಬರಿನಲ್ಲಿ ತುಳು ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿತು. ಪದ, ಕೀಲಿಮಣೆ, ಲಿಪಿ ಎಲ್ಲ ಸಿದ್ಧವಿವೆ. ಬಾಕಿ ಇರುವುದು ನಂಟಿನ ಪದಗಳನ್ನು ಯಂತ್ರ ಓದುವ ರೂಪಕ್ಕೆ ತರುವ ಕೆಲಸ.

ಅದನ್ನು ಹೇಗೆ ಮಾಡಬಹುದೆಂದು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ತಾಯಿ, ತಂದೆ, ಮಗ, ಮಗಳು, ಗಂಡ, ಹೆಂಡತಿ, ಹಿರಿಯ, ಕಿರಿಯ ಇಷ್ಟನ್ನು ಮೂಲಪದಗಳೆಂದು ಇಟ್ಟುಕೊಳ್ಳಿ. ಉಳಿದ ಪ್ರತಿ ಪದವನ್ನೂ ಇವುಗಳಿಂದಲೇ ವಿವರಿಸಿ. ತಮ್ಮಲೆ: ತಾಯಿಯ ತಾಯಿಗೆ ಹುಟ್ಟಿದ ಮಗ. ತಿರುವು ನಂಟು: ಅರ್ವತ್ತೆ, ತಾಯಿಯ ಮಗಳಿಗೆ ಹುಟ್ಟಿದ ಮಗ. ಒಂದನ್ನು ಒಬ್ಬರು ಹೇಳಿದರೆ ಇನ್ನೊಂದನ್ನು ಯಂತ್ರ ತಾನೇ ತಿಳಿಯುತ್ತದೆ. ಕನ್ನಡದ ಅಳಿಯ ಎಂಬ ಪದಕ್ಕೆ ಎರಡು ವಿವರಣೆ ಬೇಕಾಗುತ್ತದೆ, ಸೋದರಿಯ ಮಗ ಎಂದೂ ಮಗಳ ಗಂಡ ಎಂದೂ. ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿಯಿದ್ದ ಮನೆಗಳಲ್ಲಿ ಎರಡೂ ಒಬ್ಬನೇ ಆಗಿರಬಹುದು. ಇಂಥ ಒಂದೊಂದು ನಮೂದೂ ನಮ್ಮ ಕುಟುಂಬದ ಇತಿಹಾಸವನ್ನು ಬಿಚ್ಚಿ ತೋರಿಸುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಕೊರಗ ಭಾಷೆ ಇವೆಲ್ಲವುಗಳ ಪದಗಳನ್ನು ಹೀಗೆ ಒಂದೇ ಮೂಲಪದಗಳ ಮೇಲೆ ಕಟ್ಟಿದರೆ ಯಾವ ಭಾಷೆಯಲ್ಲಿ ಹೇಳಿದ ನಂಟೂ ಇನ್ನೊಂದರಲ್ಲಿ ಅರ್ಥವಾಗುತ್ತದೆ.

ಇದಕ್ಕೆ ಜಾಗವೂ ಇದೆ. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಸಾರ್ವಜನಿಕ ವ್ಯಕ್ತಿಗಳ ಬಂಧುತ್ವವನ್ನು ದಾಖಲಿಸುವಾಗ ತಾಯಿ ತಂದೆಯರನ್ನು ಬೇರೆಬೇರೆಯಾಗಿ ಬರೆಯಬಹುದು. ಬೇರೆ ಬಂಧುಗಳ ವಿಷಯದಲ್ಲಿ ‘ಬಂಧು’ ಎಂದು ಬರೆದು, ಯಾವ ಬಗೆಯ ಬಂಧು ಎಂಬುದನ್ನು ಪಕ್ಕದಲ್ಲೇ ಸೇರಿಸುವ ಏರ್ಪಾಡಿದೆ. ಎಂದಿನಿಂದ ಎಂದಿನವರೆಗೆ ಎಂಬ ಕಾಲವನ್ನೂ ಸೇರಿಸಬಹುದು. ಕಾರ್ಕಳದ ಭೈರರಸರ ಇಡೀ ಅರಸುಮನೆತನವನ್ನು, ಮಾವನಿಂದ ಅಳಿಯನಿಗೆ ಸಾಗಿದ ಅಧಿಕಾರದ ದಾರಿಯನ್ನು, ಶಾಸನಗಳ ಆಧಾರದಿಂದ ಅಲ್ಲಿ ಸರಿಯಾಗಿ ದಾಖಲಿಸಿ. ಸತ್ತು ಶತಮಾನಗಳಾದ ಅರಸರಿಗೆ ಖಾಸಗಿತನದ ತೊಂದರೆಯಿಲ್ಲ. ನಮ್ಮ ಪದಗಳಿಗೆ ಒಳ್ಳೆಯ ಪರೀಕ್ಷೆಯಾಗುತ್ತದೆ. ಮಣಿಪಾಲದ ಮತ್ತು ನಿಟ್ಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಉಡುಪಿ, ಕಾಪು, ಕಾರ್ಕಳದ ಕನ್ನಡ ವಿಭಾಗದವರ ಜತೆ ಕೂತರೆ ಇದು ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ತಕ್ಕ ಕೆಲಸ.

ಬದುಕಿರುವವರ ವಿಷಯಕ್ಕೆ ಬಂದಾಗ ಮಾತ್ರ ನಾಲ್ಕು ಕಟ್ಟಳೆಗಳನ್ನು ನಾವೇ ಹಾಕಿಕೊಳ್ಳಬೇಕು. ನನ್ನ ನಂಟನ್ನು ನಾನೇ ಹೇಳಬೇಕು, ಬೇರೆಯವರ ಪರವಾಗಿ ಯಾರೂ ಹೇಳಬಾರದು. ಹೊಣೆ ತರುವ ನಂಟಿಗೆ ಎರಡೂ ತುದಿಯವರ ಒಪ್ಪಿಗೆ ಇರಬೇಕು. ಹೇಳಿದ್ದನ್ನು ಯಾವಾಗ ಬೇಕಾದರೂ, ಕಾರಣ ಕೊಡದೆ, ಹಿಂದಕ್ಕೆ ಪಡೆಯಲು ಬರಬೇಕು. ಬರಿ, ಗೋತ್ರ, ಜಾತಿಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇರಬಾರದು. ಮದುವೆಯ ಮಾತುಕತೆಗೆ ಬರಿ ಬೇಕೆನ್ನುವವರು ಮನೆಗೆ ಬಂದು ಕೇಳಲಿ. ಅದನ್ನು ಜಗತ್ತಿನ ಯಂತ್ರಗಳಿಗೆ ತಿಳಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಕೊನೆಯ ಕಟ್ಟಳೆಗೆ ನಿಮ್ಮಲ್ಲಿ ಕೆಲವರ ಆಕ್ಷೇಪ ಇರಬಹುದು. ಬರಿಯನ್ನು ಬಿಟ್ಟರೆ ಕವರಿನ ಲೆಕ್ಕ ತಪ್ಪುವುದಿಲ್ಲವೇ ಎಂದು ಕೇಳಬಹುದು. ತಪ್ಪುವುದಿಲ್ಲ. ಕವರಿಗೆ ಬೇಕಾದದ್ದು ತಾಯಿ ಯಾರು ಎಂಬುದು ಮಾತ್ರ. 1949ರ ಕಾಯ್ದೆಯ ಆ ಎರಡು ಸಾಲುಗಳಲ್ಲಿ ಬರಿಯ ಮಾತೇ ಇಲ್ಲ. ನಂಟನ್ನು ಉಳಿಸಿಕೊಂಡು ಜಾತಿಯನ್ನು ಬಿಡಲು ಸಾಧ್ಯ ಎಂಬುದಕ್ಕೆ ನಮ್ಮದೇ ಕಾನೂನಿನಲ್ಲಿ ಇಷ್ಟು ಸ್ಪಷ್ಟವಾದ ಆಧಾರವಿರುವಾಗ, ಅದನ್ನು ಬಳಸದಿರುವುದು ನಮ್ಮ ಸೋಮಾರಿತನವಾದೀತು.

ನಮ್ಮ ನಂಟುಗಳಿಗೆ ಯಂತ್ರಗಳು ಹೆಸರಿಡುವುದು ಇನ್ನು ಮುಂದೆ ನಿಲ್ಲುವುದಿಲ್ಲ. ನಾವು ಪದಗಳನ್ನು ಕೊಡದಿದ್ದರೆ ಅವು ಬೇರೆ ದೇಶದ ಪದಗಳಿಂದ ನಮ್ಮ ಮನೆಗಳನ್ನು ಅಳೆಯುತ್ತವೆ; ನಾವು ಕಟ್ಟಳೆಗಳನ್ನು ಹಾಕದಿದ್ದರೆ ಕೇಳದೆಯೇ ಅಳೆಯುತ್ತವೆ. ಪದ ಕೊಡುವ ಕೆಲಸವನ್ನು ಈ ಶೈಕ್ಷಣಿಕ ವರ್ಷದಲ್ಲೇ ಆರಂಭಿಸಿ ಎಂದು ಇಲ್ಲಿರುವ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೇಳಿಕೊಳ್ಳುತ್ತೇನೆ. ಮೊದಲ ಹೆಜ್ಜೆಯಾಗಿ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರ ಬಳಿ ಕೂತು, ಮನೆಮಾತಿನಲ್ಲಿರುವ ನಂಟಿನ ಪದಗಳನ್ನೆಲ್ಲ ಕೇಳಿ ಬರೆದುಕೊಂಡು ಬನ್ನಿ. ಹೆಸರುಗಳು ಬೇಡ, ಪದಗಳು ಮಾತ್ರ ಸಾಕು.